ತೂಬಿಗೆ ಬಿದ್ದ ಕತ್ತರಿ

ಗುರುಮಲ್ಲಪ್ಪನವರು ಸ್ಟೂಲು ಹತ್ತಿ, ಗೋಡೆಗೆ ಕಿವಿ ಹಚ್ಚಿ ನಿಂತಿದ್ದರು.

"ಏನ್ ಸಾ, ಏನಾರ ಕೇಳಿಸ್ತಾ?" ಎಂದಳು ಅಂಗಡಿಯ ಕೆಲಸದ ಹುಡುಗಿ ಭವ್ಯ, ಕಂಪ್ಯೂಟರಿನಿಂದ ತಲೆ ಎತ್ತದೆ.

"ನನ್ ನೆಟ್ಟು ಆ ಕಡೀಕ್ ಓಯ್ತಾ ಇರದು ಕೇಳಿಸ್ತಾ ಅದೆ ಕಣಮ್ಮಾ."

ಕೊಳ್ಳೇಗಾಲದ ಆ ರೇಷ್ಮೆ ಸೀರೆ ಅಂಗಡಿ ಒಂದು ಕಾಲಕ್ಕೆ ಒಂದೇ ಆಗಿತ್ತು. ಬೋರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬ ಘನಂದಾರಿ ಪ್ರಶ್ನೆಯ ಮೇಲೆ ಅಣ್ಣ ಗುರುಮಲ್ಲಪ್ಪ, ತಮ್ಮ ಬಸವಕುಮಾರ ಮಾತು ಬಿಟ್ಟರು. ನಡುವೆ ಗೋಡೆ ಎದ್ದಿತು. ಅಪ್ಪನ ಕಾಲದ ಕಂಪ್ಯೂಟರ್ ಕೇಬಲ್ಲೊಂದು, ಟಿವಿ ಕೇಬಲ್ಲಿನ ಹಾಗೆ ದುಂಡಗೆ ಕರ್ರಗೆ ಇದ್ದದ್ದು, ಅಡ್ಡ ಬಂತು. ಗಾರೆಯವನು ಅದನ್ನು ಕೀಳುವ ಗೋಜಿಗೆ ಹೋಗದೆ ಸುತ್ತ ಇಟ್ಟಿಗೆ ಇಟ್ಟುಬಿಟ್ಟ. ಅಣ್ಣತಮ್ಮಂದಿರ ನಡುವೆ ಉಳಿದ ನಂಟು ಅದೊಂದೇ.

ಸತ್ತುಹೋಯಿತು ಅಂದುಕೊಂಡಿದ್ದ ಆ ಕೇಬಲ್ಲು ಸೀರೆ ಬೀರುವಿನ ಹಿಂದೆ ಒಂದು ಪುಟ್ಟ ಪೆಟ್ಟಿಗೆಗೆ ಸೇರಿರುವುದು ಗುರುಮಲ್ಲಪ್ಪನವರ ಕಣ್ಣಿಗೆ ಬಿದ್ದದ್ದು ಇವತ್ತು. ಪೆಟ್ಟಿಗೆಯ ಇನ್ನೊಂದು ಬದಿಗೆ ಅಂಗಡಿಯ ಹೊಸ ನೀಲಿ ವೈರು. ಹಳೇ ದುಂಡು ಕೇಬಲ್ಲಿಗೂ ಹೊಸ ನೀಲಿ ವೈರಿಗೂ ನೇರ ಹೊಂದಿಕೆ ಇಲ್ಲ, ನಡುವೆ ದಲ್ಲಾಳಿ ಬೇಕು. ಆ ದಲ್ಲಾಳಿ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು.

"ಇದನ್ನ ಮಡಗ್ದೋರು ಯಾರು?"

"ನಾನೇ ಸಾ." ಭವ್ಯಳ ಮುಖ ಕೆಂಪಾಯಿತು.

"ಯಾಕೆ?"

"ಯೋಳಂಗಿಲ್ಲ ಸಾ. ಮಾದಪ್ಪನ ಮೇಲೆ ಆಣೆ ಇಟ್ಟಿವ್ನಿ."

ಮಾದಪ್ಪನ ಆಣೆ ಎಂದ ಮೇಲೆ ಈ ಸೀಮೆಯಲ್ಲಿ ಪೊಲೀಸರೂ ಬಾಯಿ ಬಿಡಿಸಲಾರರು. ಆದರೆ ಗುರುಮಲ್ಲಪ್ಪನವರಿಗೆ ಅವಳ ಬಾಯಿ ಬೇಕಾಗಿಯೇ ಇರಲಿಲ್ಲ. ಅವರು ಚಿಕ್ಕಂದಿನಲ್ಲಿ ಕೆರೆ ಬಯಲಿನ ಗದ್ದೆಗೆ ನೀರು ಕಟ್ಟಿದವರು. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಹೋಗಬೇಕೇ ಹೊರತು, ಕೆಳಗಿನದು ಮೇಲಕ್ಕೆ ಬಂದದ್ದುಂಟೇ? ಅವರ ಅಂಗಡಿ ರಸ್ತೆಯ ಏರಿನಲ್ಲಿತ್ತು, ತಮ್ಮನದು ಇಳಿಜಾರಿನಲ್ಲಿ. ಸಾಲದೆ, ಕೇಬಲ್ಲು ಇವರ ಕಡೆ ಒಂದು ಮೊಳ ಎತ್ತರದಲ್ಲಿತ್ತು. ಇನ್ನೇನು ಸಾಕ್ಷಿ ಬೇಕು?

"ಮೊನ್ನೆ ಅಮಾಸೆಲಿ ಅವ್ನು ಬಾಗಿಲಾಕಂಡು ಮಾದಪ್ಪನ ಬೆಟ್ಟಕ್ಕೆ ಓದ. ಅವತ್ತು ದಿನವೆಲ್ಲಾ ನಮಗೆ ನೆಟ್ಟಿಲ್ಲ. ಓಗೋ ಮುಂಚೆ ಡ್ರಮ್ಮಿಗೆ ತುಂಬುಸ್ಕಂಡು ಓಗವ್ನೆ!"

"ನೆಟ್ಟ ತುಂಬುಸ್ಕಳಕ್ಕಾಯ್ತದಾ ಸಾ?"

"ಕಳ್ಳನ ಕೈಲಿ ಏನ್ ತಾನೆ ಆಗಲ್ಲ?"

ನೆಟ್ಟಿನ ವಿಷಯದಲ್ಲಿ ಅವರಿಗೆ ಅನುಭವವೂ ಇತ್ತು. ದೀಪಾವಳಿಯ ಹೊತ್ತಿಗೆ ಕಂಪನಿಯವನೊಬ್ಬ ಶೂ ಹಾಕಿಕೊಂಡೇ ದೇವರ ಪಟದ ಪಕ್ಕ ಏಣಿ ಇಟ್ಟಿದ್ದಕ್ಕೆ, "ತಕಂಡೋಗ್ಲಾ ನಿನ್ ನೆಟ್ಟ!" ಎಂದು ಓಡಿಸಿದ್ದರು. ಆಮೇಲೆ ಒಂದೆರಡು ದಿನ ನೆಟ್ ಇರಲಿಲ್ಲ. ಮತ್ತೆ ತಾನಾಗಿಯೇ ಬಂತು. ಬೈದರೆ ಲೋಕ ಸರಿದಾರಿಗೆ ಬರುತ್ತದೆ ಎಂದು ಅಂದಿನಿಂದ ಎಲ್ಲರನ್ನೂ ಇನ್ನಷ್ಟು ಶ್ರದ್ಧೆಯಿಂದ ಬೈಯತೊಡಗಿದ್ದರು.

ಅಷ್ಟರಲ್ಲಿ ಕೊಯಮತ್ತೂರಿನ ಮದುವೆ ಮನೆಯವರ ವಿಡಿಯೋ ಕಾಲ್ ಬಂತು. ಸೀರೆ ಬಿಡಿಸಿ ಹಿಡಿದರೆ, ಮದುಮಗಳ ತಾಯಿ ತೆರೆದ ಬಾಯಿ ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಳು.

ಅವರ ಪಿತ್ತ ನೆತ್ತಿಗೇರಿತು. "ನೋಡ್ದಾ? ಅಲ್ಲಿ ಈರ್ಕತಾವ್ನೆ! ಉಪ್ ತಿಂದ ಮನೆಗೇ ಕನ್ನ ಕೊರ್ದಲ್ಲಾ. ಬ್ಯಾಗ್ ತಕೋ. ನಾಳೆಯಿಂದ ಬರಬ್ಯಾಡ."

ಯಳಂದೂರಿನಿಂದ ದಿನಾ ಬಸ್ಸಿನಲ್ಲಿ ನಿಂತು ಬರುವವಳು ಭವ್ಯ. ಅವಳ ಸಂಬಳವೇ ಮನೆಗೆಲ್ಲ ಆಧಾರ. ಕಣ್ಣು ತುಂಬಿಕೊಂಡು ಊಟದ ಬ್ಯಾಗು ಎತ್ತಿಕೊಂಡಳು. ಆಣೆ ಮುರಿಯಲಿಲ್ಲ. ಗುರುಮಲ್ಲಪ್ಪನವರು ಕತ್ತರಿ ಕೈಗೆ ತೆಗೆದುಕೊಂಡಾಗ ಮಾತ್ರ ತಡೆಯಲಾರದೆ ಕೂಗಿದಳು.

"ಅದೊಂದ ಕತ್ರಿಸಬ್ಯಾಡಿ ಸಾ, ನಿಮಗೇ ತೊಂದ್ರೆ ಆಯ್ತದೆ!"

"ಬೆದರಿಕೆ ಬೇರೆ!"

ಕಚಕ್.

ಗುರುಮಲ್ಲಪ್ಪನವರು ತಮ್ಮನ ಗೋಳಾಟ ಕೇಳಲು ಮತ್ತೆ ಗೋಡೆಗೆ ಕಿವಿ ಹಚ್ಚಿದರು. ಆಚೆ ಬಸವಕುಮಾರ ಯಾರಿಗೋ ವಿಡಿಯೋ ಕಾಲಿನಲ್ಲಿ ಸೀರೆಯ ಅಂಚು ತೋರಿಸುತ್ತಾ ನಗುತ್ತಿದ್ದ. ಇತ್ತ ಪೆಟ್ಟಿಗೆಯ ಹಸಿರು ದೀಪ ಆರಿತ್ತು, ಮದುಮಗಳ ತಾಯಿ ಬಾಯಿ ಸಮೇತ ಮಾಯವಾಗಿದ್ದಳು. ಸ್ವಲ್ಪ ಹೊತ್ತಿಗೆ ಆಚೆಯ ನಗುವೂ ನಿಂತಿತು. ಕುರ್ಚಿ ಸರಿದ ಸದ್ದಾಯಿತು. ಗೋಡೆ ಎದ್ದಾಗಿನಿಂದ ಕೇಳದಿದ್ದ ದನಿ ಕೇಬಲ್ಲಿನ ತೂತಿನಿಂದ ತೂರಿ ಬಂತು.

"ಅಣ್ಣಾ, ಆ ಮಗೀನ ಬಯ್ಯಬ್ಯಾಡ ಕಣಣ್ಣಾ, ನೀ ಬ್ಯಾಡ ಅಂದೀಯ ಅಂತ ಆಣೆ ಇಡ್ಸಿದ್ದು ನಾನೇ, ನೀ ಕಂಪ್ನಿಯೋನ್ನ ಓಡಿಸ್ದಾಗಿಂದ ನಮ್ ನೆಟ್ಟನ್ನೇ ನಿನ್ ಕಡೀಕ್ ಬಿಟ್ಟಿವ್ನಿ, ಇವತ್ತ್ಯಾಕೋ ನನ್ ಕಡೆ ಪೆಟ್ಟಿಗೇಲಿ ನಿನ್ ಲೈಟು ಆರೋಯ್ತಲ್ಲಣ್ಣಾ, ಕೇಬಲ್ಲಿಗೇನಾರ ಇಲಿ ಬಾಯಾಕ್ತಾ?"