ಹೆಸರು ಕದ್ದವನು

ಗೋಲು ಬಿದ್ದ ಕ್ಷಣದಲ್ಲೇ ಅವನು ಮತ್ತೆ ಹೆಸರು ಕದ್ದ.

ಮೈಕಿನ ಮುಂದೆ ಕೂತಿದ್ದ ಮಾಜಿ ಆಟಗಾರ 'ಗೋಡೆ' ಆಗಷ್ಟೇ ಬಾಯಿ ತೆರೆದಿದ್ದ. "ಅದ್ಭುತ, ಅದ್ಭುತವಾಗಿ ಹೊಡೆದ ನಮ್ಮ..." ಎನ್ನುವಷ್ಟರಲ್ಲಿ ಪಕ್ಕದ ಮೈಕಿನಿಂದ ಜೊತೆಗಾರ 'ಜೇನುಗಂಟಲು' ನುಗ್ಗಿ, ಗೋಲು ಹೊಡೆದವನ ಹೆಸರನ್ನು ಇಡೀ ನಾಡಿಗೆ ಕೇಳುವಂತೆ ಕೂಗಿಬಿಟ್ಟ. ಗೋಡೆ ಬಾಯಿ ಮುಚ್ಚಿಕೊಂಡ. ಕಾಮೆಂಟರಿ ಕೋಣೆ ತಣ್ಣಗೇ ಇತ್ತು, ಆದರೂ ಅವನ ಮೈ ಉರಿಯುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಗಾಜಿನಾಚೆ ಕೂತಿದ್ದ ಅವನ ಹೆಂಡತಿ ಎದೆಯ ಮೇಲೆ ಕೈಯಿಟ್ಟು ನಿಟ್ಟುಸಿರು ಬಿಟ್ಟಳು. ಜೇನುಗಂಟಲು ತಿರುಗಿ ಅವಳಿಗೆ ಕಣ್ಣಲ್ಲೇ ಏನೋ ಹೇಳಿದ. ಗೋಡೆ ಕುರುಡನಲ್ಲ, ಎಲ್ಲವನ್ನೂ ನೋಡಿದ.

ಗೋಡೆ ಎಂಬುದು ಪ್ರೇಕ್ಷಕರು ಕೊಟ್ಟ ಹೆಸರು. ರಕ್ಷಣೆಯ ಸಾಲಿನಲ್ಲಿ ಆಡಿದ ಅಷ್ಟೂ ವರ್ಷ ಚೆಂಡು ಎಷ್ಟೇ ಜೋರಾಗಿ ಬಂದರೂ ಹಣೆ ಕೊಟ್ಟು ತಡೆಯುತ್ತಿದ್ದ. ಕಾಲಿಗಿಂತ ತಲೆಯಲ್ಲೇ ಹೆಚ್ಚು ಆಡಿದವನೆಂದು ಗೆಳೆಯರು ರೇಗಿಸುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಟೀವಿಯವರು ಕರೆದು ಮೈಕು ಕೊಟ್ಟರು. ಅಲ್ಲೂ ಗೆದ್ದ. ಆಟಗಾರರನ್ನು 'ಆ ಎಡಗಾಲಿನ ಹುಡುಗ', 'ನಮ್ಮ ಗಡ್ಡದ ಮಹಾಶಯ' ಎಂದು ಮನೆಮಂದಿಯಂತೆ ಕರೆಯುವ ಅವನ ಧಾಟಿ ಈಚೆಗೆ ಜನರ ಬಾಯಲ್ಲೆಲ್ಲ ಓಡಾಡುತ್ತಿತ್ತು. ನಿರ್ದೇಶಕನಿಂದ ಕಾರಿನ ಚಾಲಕನವರೆಗೆ ಎಲ್ಲರೂ ಅವನಿಗೆ 'ಗುರು'ಗಳೇ. ಇಷ್ಟು ದೊಡ್ಡ ಮನುಷ್ಯನಾದರೂ ಎಷ್ಟು ಸಲಿಗೆ ಎಂದು ಅವರು ಹಿಗ್ಗುತ್ತಿದ್ದರು.

ಜೇನುಗಂಟಲು ಎಂಬುದು ಗೋಡೆಯೇ ಮನಸ್ಸಿನಲ್ಲಿ ಇಟ್ಟುಕೊಂಡ ಹೆಸರು. ವಯಸ್ಸಿನಲ್ಲಿ ಚಿಕ್ಕವನು, ನೋಡಲು ಲಕ್ಷಣವಾಗಿದ್ದಾನೆ. ಜನ್ಮದಲ್ಲಿ ಚೆಂಡು ಒದ್ದವನಲ್ಲ, ಗಂಟಲೊಂದೇ ಬಂಡವಾಳ. ಮೊದಲೆಲ್ಲ ಅಣ್ಣ, ಅಣ್ಣ ಎಂದು ಮಾತು ಬಿಟ್ಟುಕೊಡುತ್ತಿದ್ದ. ಈ ಸೀಸನ್ನಿನಲ್ಲಿ ಕೊಬ್ಬು ಬಂದಿದೆ. ಗೋಡೆ ಉಸಿರೆಳೆದುಕೊಳ್ಳುವುದನ್ನೇ ಕಾದು, ನಾಲಿಗೆಯ ತುದಿಯಲ್ಲಿದ್ದುದನ್ನು ಕಿತ್ತುಕೊಳ್ಳುತ್ತಾನೆ. ಅದನ್ನಾದರೂ ಸಹಿಸಬಹುದಿತ್ತು. ಹೆಂಡತಿಯ ವಿಷಯ ಹಾಗಲ್ಲ.

ಫುಟ್‌ಬಾಲ್ ಎಂದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದವಳು ಈಗ ಪ್ರತಿ ಪಂದ್ಯಕ್ಕೂ ಬಂದು ಕೂರುತ್ತಾಳೆ. ಮನೆಯಲ್ಲಿ ಬಾಲ್ಕನಿಗೆ ಹೋಗಿ ಫೋನಿನಲ್ಲಿ ಪಿಸುಗುಟ್ಟುತ್ತಾಳೆ. ಇವನು ಬಂದರೆ ಒದ್ದೆ ಬಟ್ಟೆಯನ್ನೇ ಒಣಗಿತೆಂದು ಎತ್ತಿಕೊಂಡು ಒಳಗೆ ಬರುತ್ತಾಳೆ. ಒಮ್ಮೆ ಅವಳ ಫೋನು ಮೇಜಿನ ಮೇಲೆ ಗುಂಯ್‌ಗುಟ್ಟಿದಾಗ ಇಣುಕಿ ನೋಡಿದ. ಪರದೆಯ ತುಂಬ ಜೇನುಗಂಟಲಿನ ಮುಖ, ಹಲ್ಲು ಕಿರಿಯುತ್ತಿತ್ತು. ಎದುರಿಗೆ ಅತ್ತಿಗೆ, ಅತ್ತಿಗೆ. ಬೆನ್ನ ಹಿಂದೆ ಇದು.

ಅನುಮಾನ ಒಳಗೆ ಹೊಕ್ಕ ಮೇಲೆ ಯಾರನ್ನೂ ಬಿಡುವುದಿಲ್ಲ. ತಲೆನೋವೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರು ಇವನನ್ನು ಹೊರಗೆ ಕೂರಿಸಿ ಅವಳೊಬ್ಬಳ ಜೊತೆ ಅಷ್ಟು ಹೊತ್ತು ಮಾತಾಡಿದ್ದೂ ಇವನ ಕಣ್ಣು ಕೆಂಪಾಗಿಸಿತ್ತು. ಪಾಪ, ಆ ಡಾಕ್ಟರಿಗೆ ಎಪ್ಪತ್ತು ದಾಟಿತ್ತು.

ಈಚೆಗೆ ಅವಳ ನಯವೂ ಜಾಸ್ತಿಯಾಗಿತ್ತು. ಬೆಳಗ್ಗೆ ಕಾಫಿ ಕೈಗಿತ್ತು, ಹಳೆಯ ತಂಡದ ಫೋಟೊ ಮುಂದೆ ಕರೆದೊಯ್ದು, ಇವರು ಯಾರು, ಅವರು ಯಾರು ಎಂದು ಕೇಳುತ್ತಾಳೆ. "ಇವನು ನಮ್ಮ ಗೋಲ್‌ಕೀಪರ್ ಕಣೇ, ವಾಂತಿ ಮಾಡ್ಕೊಳ್ದೆ ಒಂದು ಪಂದ್ಯಕ್ಕೂ ಇಳಿದವನಲ್ಲ" ಎಂದು ಇವನು ನಗಿಸುತ್ತಾನೆ. ಅವಳು ನಗುತ್ತಾಳೆ. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ. ತಪ್ಪು ಮಾಡಿದವರ ಅಳು ಅದು, ಇನ್ನೇನು.

ವಿರಾಮದ ಶಿಳ್ಳೆ ಬಿತ್ತು. ಜಾಹೀರಾತುಗಳು ಶುರುವಾದವು. ಜೇನುಗಂಟಲು ಹೆಡ್‌ಫೋನ್ ಕಳಚಿಟ್ಟು ಎದ್ದುಹೋದ. ಗಾಜಿನಾಚೆಯ ಕುರ್ಚಿಯೂ ಖಾಲಿಯಾಗಿತ್ತು. ಗೋಡೆ ಕುಂಟು ಮೊಣಕಾಲಿನಲ್ಲೇ ಹಿಂದೆ ಹೊರಟ. ಕಾರಿಡಾರಿನ ತಿರುವಿನಲ್ಲಿ ಕಾಫಿ ಯಂತ್ರವಿತ್ತು. ಅದರ ಮರೆಯಿಂದ ಇಬ್ಬರ ದನಿ ಕೇಳಿತು.

"ಇನ್ನು ನನ್ನ ಕೈಲಾಗಲ್ಲ. ಅಣ್ಣನಿಗೆ ಹೇಳಿಬಿಡೋಣ," ಎನ್ನುತ್ತಿದ್ದ ಜೇನುಗಂಟಲು. "ದಿನಾ ಮೋಸ ಮಾಡಿದ ಹಾಗನ್ಸುತ್ತೆ."

"ಈ ಸೀಸನ್ ಒಂದು ಮುಗೀಲಿ," ಎಂದಳು ಹೆಂಡತಿ. "ಗೊತ್ತಾದ್ರೆ ಅವರು ತಡ್ಕೊಳಲ್ಲ."

ಗೋಡೆಗೆ ಇಷ್ಟು ಸಾಕಾಯಿತು. ನುಗ್ಗಿ ಜೇನುಗಂಟಲಿನ ಕೊರಳಪಟ್ಟಿ ಹಿಡಿದ.

"ನಿಮ್ಮಿಬ್ಬರ ಆಟ ನಂಗೆ ಗೊತ್ತು. ಇನ್ನೊಂದ್ಸಲ ನನ್ನ ಹೆಂಡ್ತಿ ಹೆಸರು ನಿನ್ನ ಬಾಯಲ್ಲಿ ಬಂದ್ರೆ ನಾಲಿಗೆ ಕಿತ್ತುಬಿಡ್ತೀನಿ."

ಜೇನುಗಂಟಲು ಬಿಡಿಸಿಕೊಳ್ಳಲಿಲ್ಲ. ಅವಳ ಕಡೆ ನೋಡಿದ. ಅವಳು ಕೈಲಿದ್ದ ಲೋಟ ಕೆಳಗಿಟ್ಟು ಗಂಡನ ಎದುರು ಬಂದು ನಿಂತಳು. ಸಿಕ್ಕಿಬಿದ್ದವಳ ಗಾಬರಿ ಮುಖದಲ್ಲಿರಲಿಲ್ಲ; ತುಂಬ ದಿನದ ದಣಿವಿತ್ತು.

"ನೀವು ನನ್ನನ್ನ ಹೆಸರು ಹಿಡಿದು ಕರೆದು ಎಷ್ಟು ದಿನ ಆಯ್ತು ರೀ?"

"ಏನೇ ಇದು, ಈಗ ಅದ್ಯಾಕೆ..."

"ಏನೇ ಅಲ್ಲ. ಹೆಸರು. ಒಂದೇ ಒಂದ್ಸಲ ಹೇಳಿ."

ಅದೇನು ಮಹಾ ಎಂದು ಗೋಡೆ ಬಾಯಿ ತೆರೆದ. ಮೊದಲ ಸಲ ಕಂಡಾಗ ಅವಳು ಹಿಡಿದಿದ್ದ ಕೊಡೆಯ ಬಣ್ಣ ನೆನಪಾಯಿತು. ಅವಳ ಕಾಫಿಗೆ ಸಕ್ಕರೆ ಬೇಡವೆಂಬುದು ನೆನಪಾಯಿತು. ತೆರೆದ ಬಾಯಿ ತೆರೆದೇ ಇತ್ತು. ಕೊರಳಪಟ್ಟಿ ಹಿಡಿದಿದ್ದ ಅವನ ಮುಷ್ಟಿ ತಾನಾಗಿ ಸಡಿಲವಾಯಿತು.

ಗೋಡೆ ಮೆಲ್ಲಗೆ ಜೇನುಗಂಟಲಿನ ಕಡೆ ತಿರುಗಿ, ಈ ಹೆಸರನ್ನೂ ಅವನೇ ಹೇಳಿಬಿಡಲಿ ಎಂದು ಕಾದ.