ಬೂದಿಯಲ್ಲಿ ಹೂತ ಹಲ್ಲು

ಇದು ಕೊಟ್ರಯ್ಯನದೇ ಕಿತಾಪತಿ ಎಂದು ವೀರೇಶ ತೀರ್ಮಾನಿಸಿಬಿಟ್ಟಿದ್ದ. ಕೈಯಲ್ಲಿದ್ದ ಕಬ್ಬಿಣದ ಹಲ್ಲು ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅದನ್ನು ಹೂತಿಟ್ಟಿದ್ದ ಬೂದಿಯನ್ನು ಯಾರೋ ಕೆದಕಿ, ಮತ್ತೆ ಮುಚ್ಚಿ, ಮೇಲೆ ನೀಟಾಗಿ ಸವರಿ ಹೋಗಿದ್ದರು.

ಸಂಡೂರಿನ ಗಣಿಗಳಿಗೆ ಪುರುಸೊತ್ತೇ ಇಲ್ಲದ ಕಾಲವದು. ಅದಿರು ಅಗೆಯುವ ಯಂತ್ರಗಳ ಬಕೆಟ್ಟಿನ ಹಲ್ಲುಗಳು ನೋಡನೋಡುತ್ತಲೇ ಸವೆದು ಮೊಂಡಾಗುತ್ತಿದ್ದವು. ವೀರೇಶ ಚಿತ್ತವಾಡ್ಗಿಯಲ್ಲಿ ಮನೆಗೇ ಅಂಟಿದ ತನ್ನ ವರ್ಕ್‌ಶಾಪಿನಲ್ಲಿ ಅವುಗಳ ಮೇಲೆ ಲೋಹ ಕರಗಿಸಿ, ಪದರದ ಮೇಲೆ ಪದರ ಕೂಡಿಸಿ, ಹೊಸ ಮೊನೆ ಬೆಳೆಸುತ್ತಿದ್ದ. ಬೆಳೆಸುವುದು ಕಷ್ಟವಲ್ಲ, ಆರಿಸುವುದು ಕಷ್ಟ. ಕಾದ ಹಲ್ಲು ಬೇಗ ತಣ್ಣಗಾದರೆ ಸೀಳುತ್ತದೆ. ಅದಕ್ಕೇ ಕಂಪ್ಲಿಯ ರೈಸ್ ಮಿಲ್ಲಿನಿಂದ ಹೊಟ್ಟಿನ ಬೂದಿ ತರಿಸಿ, ಹಿತ್ತಲಿನ ಗುಂಡಿಗೆ ತುಂಬಿ, ಕೆಂಪಗಿನ ಹಲ್ಲನ್ನು ಅದರಲ್ಲಿ ಹೂತು ಬೆಳಗಿನವರೆಗೆ ಬಿಡುತ್ತಿದ್ದ. ಆದರೂ ಸೀಳುತ್ತಿದ್ದವು.

ಗಣಿ ಗುತ್ತಿಗೆದಾರ ಉಚ್ಚೆಂಗೆಪ್ಪನ ತಾಳ್ಮೆ ಮುಗಿದಿತ್ತು. "ಇನ್ನೊಂದ್ ಸೀಳಿತಂದ್ರ ಕೆಲ್ಸ ಎಲ್ಲಾ ಕೊಟ್ರಯ್ಯಗ ನೋಡ್ರಿ," ಎಂದು ಹೇಳಿ ಹೋಗಿದ್ದ. ಕೊಟ್ರಯ್ಯ ಪಕ್ಕದ ಓಣಿಯ ವೆಲ್ಡರ್. ಲಾಭ ಯಾರಿಗೆಂದು ಬೇರೆ ಹೇಳಬೇಕೆ?

ವೀರೇಶ ವೆಲ್ಡಿಂಗ್ ರಾಡ್ ಬದಲಿಸಿದ. ಗುಂಡಿಗೆ ಗಾಳಿ ತಾಗದಂತೆ ತಗಡು ಮುಚ್ಚಿದ. ಬೀದಿ ಬಾಗಿಲಿಗೆ ದಪ್ಪ ಬೀಗ ಜಡಿದ. ಊಟ ರುಚಿಸದಾಯಿತು. ಹೆಂಡತಿ ತ್ರಿವೇಣಿಯೊಬ್ಬಳೇ ಅವನಿಗೆ ಸಮಾಧಾನ. ಸಂಜೆ ಚಹಾ ಕುಡಿದು ಬರುವಷ್ಟರಲ್ಲಿ ಮೈಯ ಕೆಂಪು ಧೂಳು ಬಿಡಿಸಲು ನೀರು, ಹಸಿವಿಗೆ ರೊಟ್ಟಿ, ಎಲ್ಲ ತಯಾರು. ಖರ್ಚಿನಲ್ಲಿ ಹಿಡಿತದ ಹೆಣ್ಣು, ಕಟ್ಟಿಗೆ ತನ್ನಿ ಎಂದು ಆಕೆ ಕೇಳಿದ್ದೇ ಅವನಿಗೆ ನೆನಪಿರಲಿಲ್ಲ.

ಕೊನೆಗೆ ವೀರೇಶ ಕೊಟ್ರಯ್ಯನ ಅಂಗಡಿಗೇ ನುಗ್ಗಿ ಬಾಯಿಗೆ ಬಂದಂತೆ ಬೈದ. ಕೊಟ್ರಯ್ಯ ರಾಡ್ ಕೆಳಗಿಟ್ಟ.

"ನನ್ನ ಬಾಯಾಗ ನನ್ನ ಹಲ್ಲು ಗಟ್ಟಿ ಅದಾವಲೇ, ನಿನ್ನವು ನನಗ ಯಾಕ? ನಾಳೆ ಇಬ್ರೂ ಅಡಗಿ ಕುಂದ್ರೂಣು. ಕಳ್ಳ ಯಾರಂತ ಕಣ್ಣಾರೆ ನೋಡೂಣು."

ಮರುದಿನ ವೀರೇಶ ಹಲ್ಲು ಹೂತ. ಎಂದಿನಂತೆ ಚಹಾಕ್ಕೆಂದು ಹೊರಟವನು ಓಣಿ ಸುತ್ತಿ, ಕೊಟ್ರಯ್ಯನನ್ನು ಕಟ್ಟಿಕೊಂಡು ತನ್ನದೇ ಹಿತ್ತಲ ಗೋಡೆ ಹಾರಿದ. ಇಬ್ಬರೂ ಆಯಿಲ್ ಡ್ರಮ್ಮುಗಳ ಹಿಂದೆ ತುರುಕಿಕೊಂಡರು. ಒಬ್ಬನ ಮೊಣಕೈ ಇನ್ನೊಬ್ಬನ ಹೊಟ್ಟೆಯಲ್ಲಿ. ಕೊಟ್ರಯ್ಯನಿಗೆ ಬೂದಿಗೆ ಸೀನು ಬಂತು. ವೀರೇಶ ವೈರಿಯ ಮೂಗನ್ನು ತಾನೇ ಹಿಡಿದ.

ತಗಡು ಸರಿದ ಸದ್ದು. ಡ್ರಮ್ಮುಗಳ ಸಂದಿಯಿಂದ ಗೋಣಿ ಸುತ್ತಿದ ಕೈಯೊಂದು ಕಂಡಿತು. ಅದು ಇಕ್ಕಳದಿಂದ ಹಲ್ಲನ್ನು ಮೇಲೆತ್ತಿ ಮರೆಯಾಯಿತು. ಆಚೆ ಎಲ್ಲೋ ಚೊಂಯ್ ಎಂದಿತು, ಉಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಕೈ ಮರಳಿತು. ಹಲ್ಲನ್ನು ಬೂದಿಗೆ ತಳ್ಳಿ, ಮೇಲೆ ನೀಟಾಗಿ ಸವರಿತು.

ವೀರೇಶ ಕೈಗೆ ಸಿಕ್ಕ ಕಬ್ಬಿಣದ ಪೈಪು ಹಿಡಿದು ಎದ್ದೇಬಿಟ್ಟ. ಹೊಡೆಯಲು ಕೈಯೆತ್ತಬೇಕು, ಅಷ್ಟರಲ್ಲಿ ಬೆನ್ನು ತಿರುಗಿಸಿದ್ದ ತ್ರಿವೇಣಿ ಬೀದಿಯತ್ತ ಮುಖ ಮಾಡಿ ದಿನದಂತೆ ಕರೆದಳು:

"ರೀ, ನೀರು ಮಸ್ತ್ ಕಾದಾವ, ಜಳಕಕ್ಕ ಜಲ್ದಿ ಬರ್ರಿ."