ಬೆಳ್ಳಗಾದ ಸ್ಪಂಜು

ಹಬ್ಬದ ಹಿಂದಿನ ದಿನ ವನಜಾಕ್ಷಿ ಕೆಲಸ ಮುಗಿಸಿ ಬಂದು, ಹೊರಗಿನ ವಿಷಗಾಳಿಗೆಂದು ಹಾಕಿದ್ದ ಮಾಸ್ಕ್ ಕಳಚಿದಾಗ ಮನೆಯೊಳಗಿನ ಗಾಳಿ ಗಂಟಲಿಗೆ ಒಗರಾಗಿ ತಾಗಿತು. ಮನೆಯ ಗಾಳಿಯನ್ನು ಸೋಸುವ ಮೀನಿನ ತೊಟ್ಟಿಯಲ್ಲಿ ಗುಳ್ಳೆಗಳೇನೋ ಏಳುತ್ತಿದ್ದವು. ಮೇಣ ಬಳಿದು ಮುಚ್ಚಿದ ಕಿಟಕಿಯ ಪಕ್ಕದಲ್ಲಿ ಮಗು ಮಲಗಿತ್ತು. ಅಷ್ಟು ಚಿಕ್ಕ ಮುಖಕ್ಕೆ ಮಾಸ್ಕ್ ಎಲ್ಲೂ ಸಿಗುತ್ತಿರಲಿಲ್ಲ.

"ಬಂದ್ಯೇನವ್ವ? ನೋಡಿಲ್ಲಿ," ಎಂದು ಅತ್ತೆ ಪುಟ್ಟಗೌರಮ್ಮ ತೊಟ್ಟಿಯ ಸ್ಪಂಜನ್ನು ಎತ್ತಿ ತೋರಿಸಿದರು. "ಎಷ್ಟು ಕೊಳೆ ಇತ್ತು ಅಂತೀಯ! ನಲ್ಲಿ ಕೆಳಗೆ ಹಿಡ್ದು, ಸೋಪು ಹಾಕಿ ತಿಕ್ಕಿದೆ. ಹೊಸದ್ರಂಗಾಯ್ತು."

ಇನ್ನೂ ಕಿಟಕಿ ತೆರೆದೇ ಬದುಕುವ ಊರಿನಿಂದ ಅವರು ಬಂದು ವಾರವಾಗಿತ್ತಷ್ಟೆ. ಮನೆಯ ಗಾಳಿಯನ್ನು ಶುದ್ಧ ಮಾಡುವ ಜೀವ ಆ ಕಂದು ಕೊಳೆಯೇ, ಸೋಪು ತಾಗಿದರೆ ಅದು ಸಾಯುತ್ತದೆ, ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಮೆಲ್ಲಗೆ ಹಿಂಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮದುವೆಯಲ್ಲಿ ಮಡಿಲಕ್ಕಿಯ ಜೊತೆ ವನಜಾಕ್ಷಿಯ ತಾಯಿ ಕೊಟ್ಟಿದ್ದ ತುಂಡು ಅದು. ಹೊಸದಾಗಿ ಬೆಳೆಸಲು ತಿಂಗಳು ಬೇಕು. ಉಳಿದಿದ್ದ ಗಾಳಿ ನಾಳೆಯವರೆಗೂ ಸಾಲದು.

ವನಜಾಕ್ಷಿ ಬಟ್ಟಲು ಹಿಡಿದು ಎದುರುಮನೆಗೆ ಓಡಿದಳು. ಹಬ್ಬಕ್ಕೆಂದು ಕಟ್ಟಡದವರೆಲ್ಲ ಊರಿಗೆ ಹೋಗಿದ್ದರು. ಉಳಿದಿದ್ದವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಸರಸಕ್ಕ ಒಬ್ಬರೇ.

"ಸರಸಕ್ಕ, ಹೆಪ್ಪಿಗೆ ಒಂಚೂರು ಸ್ಪಂಜು ಕತ್ತರಿಸಿ ಕೊಡ್ತೀರಾ?"

"ಅಯ್ಯೋ, ಅದಕ್ಕೇನಂತೆ, ಎಷ್ಟು ಬೇಕೋ ತಗೋ. ನಮ್ದು ನಿಮ್ಮನೇಲೇ ಇದೆಯಲ್ಲ! ನನ್ನ ಕೈ ನೋಡಿ ನಿಮ್ಮತ್ತೆ ಬೆಳಿಗ್ಗೇನೇ ತಗೊಂಡು ಹೋದ್ರು, ತೊಳೆದು ಕೊಡ್ತೀನಿ ಅಂತ. ಪಾಪ, ಒಳ್ಳೆಯವರು. ತೊಳೆದಾಯ್ತಾ?"